ಛಾಯಾಚಿತ್ರಕಾರ ರಾಜಾ ದೀನದಯಾಳ್

ರಾಯಚೂರಿನ ಕೋಟೆಯನ್ನು ನೋಡಿದವರು ಅದರ ಗೋಡೆಯಲ್ಲಿರುವ ಒಂದು ಭಾರಿ ಕಲ್ಲನ್ನು ಮರೆಯಲಾರರು. ಸುಮಾರು 41 ಅಡಿ ಉದ್ದದ ಆ ಕಲ್ಲಿನ ಮೇಲೆ ಕ್ರಿ.ಶ. 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲನ್ನು ಹೂಡಿ, ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೋಡೆಯಲ್ಲಿ ಕೆತ್ತಿದ್ದಾರೆ. ಕಲ್ಲು ತನ್ನ ಚಿತ್ರವನ್ನು ತಾನೇ ಬರೆಸಿಕೊಂಡಂತಿದೆ. ತನ್ನ ರೂಪವನ್ನೂ ತನ್ನ ಕೆಲಸವನ್ನೂ ಮುಂದಿನವರ ಕಣ್ಣಿಗೆ ಉಳಿಸಿಹೋಗಬೇಕೆಂಬ ಬಯಕೆ ಮನುಷ್ಯನಿಗೆ ಹೊಸದೇನಲ್ಲ. ಆದರೆ ಶಿಲ್ಪಿಯನ್ನೋ ಚಿತ್ರಕಾರನನ್ನೋ ಇರಿಸಿಕೊಳ್ಳಬಲ್ಲ ಸಿರಿವಂತರಿಗೆ ಮಾತ್ರ ಅದು ಕೈಗೂಡುತ್ತಿತ್ತು. ಬಂಡಿಯನ್ನು ತಳ್ಳಿದ ಆಳುಗಳ ಮುಖ ಹೇಗಿತ್ತೆಂಬುದನ್ನು ನಾವು ಅರಿಯೆವು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಯಕೆಗೆ ಹೊಸ ಸಾಧನವೊಂದು ದೊರೆಯಿತು. ಅದು ಕ್ಯಾಮರಾ. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು, ಮಾನ್ವಿ, ದೇವದುರ್ಗಗಳು ಆಗ ಹೈದರಾಬಾದಿನ ನಿಜಾಮರ ಸೀಮೆಗೆ ಸೇರಿದ್ದವು. 1948ರವರೆಗೂ ಹಾಗೆಯೇ ಇದ್ದವು. ಆ ಸಂಸ್ಥಾನದ ಆಸ್ಥಾನ ಛಾಯಾಚಿತ್ರಕಾರರಾಗಿ ಇಂಡಿಯಾದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹೆಸರಾದವರು ರಾಜಾ ದೀನದಯಾಳ್.

ದೀನದಯಾಳರು ಹುಟ್ಟಿದ್ದು 1844ರಲ್ಲಿ, ಉತ್ತರ ಪ್ರದೇಶದ ಮೀರತ್ತಿಗೆ ಸಮೀಪದ ಸರ್ಧಾನ ಎಂಬ ಊರಿನಲ್ಲಿ. ಅವರದು ರತ್ನಪಡಿ ವ್ಯಾಪಾರದ ಜೈನ ಮನೆತನ. ಮನೆತನದ ಕಸುಬನ್ನು ಹಿಡಿಯದೆ ಅವರು ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜನ್ನು ಸೇರಿ ಓದಿದರು. 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಅವರಿಗೆ ನೌಕರಿಯಾಯಿತು. ಕಟ್ಟಡಗಳ ನಕ್ಷೆಗಳನ್ನು ಬರೆಯುವುದು, ವೆಚ್ಚದ ಅಂದಾಜನ್ನು ಹಾಕುವುದು ಅವರ ಕೆಲಸ. ಗೆರೆ ಒಂದು ಕೂದಲೆಳೆಯಷ್ಟು ತಪ್ಪಿದರೂ ಗೋಡೆ ಒಂದು ಗೇಣು ತಪ್ಪುವ ಕೆಲಸವದು. ಅವರ ಛಾಯಾಚಿತ್ರಗಳಲ್ಲಿ ಕಂಬ ಕಂಬವಾಗಿ, ಕಲ್ಲು ಕಲ್ಲಾಗಿ ಕಾಣುವ ನಿಚ್ಚಳತೆಗೆ ಈ ಅಭ್ಯಾಸವೇ ತಳಹದಿಯೆಂದು ನನಗೆ ತೋರುತ್ತದೆ. ರಸಿಕತೆಯೊಂದರಿಂದಲೇ ಅದು ಬರುವಂಥದಲ್ಲ.

1874ರ ಸುಮಾರಿಗೆ ಅವರು ಬಿಡುವಿನ ವೇಳೆಯಲ್ಲಿ ಕ್ಯಾಮರಾವನ್ನು ಕೈಗೆತ್ತಿಕೊಂಡರು. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರರೂ ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿಯವರೂ ಅವರನ್ನು ಪ್ರೋತ್ಸಾಹಿಸಿದರು. 1875-76ರಲ್ಲಿ ವೇಲ್ಸಿನ ರಾಜಕುಮಾರ ಭಾರತಕ್ಕೆ ಬಂದಾಗ ಆ ಪ್ರವಾಸದ ಚಿತ್ರಗಳನ್ನು ತೆಗೆಯುವ ಅವಕಾಶ ಅವರಿಗೆ ದೊರೆಯಿತು. ಮುಂದೆ ಸರ್ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆಯಲ್ಲಿ ಬುಂದೇಲಖಂಡವನ್ನು ಸುತ್ತಿ ಅಲ್ಲಿಯ ಕೋಟೆ, ಗುಡಿ, ಅರಮನೆಗಳನ್ನು ಚಿತ್ರಿಸಿದರು. ಆ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು.

ಇಂದು ಗುಂಡಿಯೊಂದನ್ನು ಒತ್ತಿದರೆ ಚಿತ್ರವಾಗುತ್ತದೆ. ಆಗಿನ ಕೆಲಸದ ಕಷ್ಟವನ್ನು ತಿಳಿಯದೆ ದೀನದಯಾಳರ ಸಾಧನೆಯನ್ನು ಅಳೆಯಲಾಗದು. ಅವರು ಈ ವಿದ್ಯೆಯನ್ನು ಕಲಿಯತೊಡಗಿದ ಕಾಲದಲ್ಲಿ ಬಳಕೆಯಲ್ಲಿದ್ದುದು ಹಸಿಫಲಕದ ಪದ್ಧತಿ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟಾದ ದ್ರಾವಣವನ್ನು ಸಮನಾಗಿ ಹರಡಿ, ಕತ್ತಲೆಯಲ್ಲಿ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕಿಗೆ ಒಡ್ಡಬೇಕು. ಒಣಗುವ ಮೊದಲೇ ಕತ್ತಲೆಗೆ ಕೊಂಡೊಯ್ದು ಸಂಸ್ಕರಿಸಬೇಕು. ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾದ ಕೆಲಸ. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ, ಅಂಥ ಹಲಗೆ ಎಷ್ಟು ಬೇಗ ಒಣಗಿ ಕೆಡಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರೂರು ಸುತ್ತುವ ಛಾಯಾಚಿತ್ರಕಾರನು ಗಾಜಿನ ಹಲಗೆಗಳ ಪೆಟ್ಟಿಗೆ, ರಸಾಯನಗಳ ಸೀಸೆ, ಕತ್ತಲೆಯ ಗುಡಾರ ಎಲ್ಲವನ್ನೂ ಹೊತ್ತು ನಡೆಯಬೇಕಾಗಿತ್ತು. 1880ರ ದಶಕದಲ್ಲಿ ಮೊದಲೇ ಸಿದ್ಧಗೊಳಿಸಿದ ಒಣಫಲಕಗಳು ಬಳಕೆಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

ಚಿತ್ರಕ್ಕೆ ಕುಳಿತವರ ಪಾಡು ಬೇರೆಯೇ. ಬೆಳಕು ಫಲಕದ ಮೇಲೆ ಬೀಳುವಷ್ಟು ಹೊತ್ತು ಅವರು ಅಲುಗಬಾರದು. ತಲೆ ತುಸು ತೂಗಿದರೂ ಮುಖ ಮಂಜಾಗುತ್ತಿತ್ತು. ಆದುದರಿಂದ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕವಲೊಂದನ್ನು ನಿಲ್ಲಿಸಿ ತಲೆಯ ಹಿಂಭಾಗವನ್ನು ಅದಕ್ಕೆ ಆನಿಸುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ನಗುವ ಮುಖಗಳು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ. ಛಾಯಾಚಿತ್ರಕಾರನು ಕರಿಯ ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಕ್ಯಾಮರಾದ ಹಿಂಬದಿಯ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ, ಕಣ್ಣಿನ ರೆಪ್ಪೆಗಳು ಸ್ಪಷ್ಟವಾಗುವವರೆಗೆ ಮಸೂರವನ್ನು ಹಿಂದೆ ಮುಂದೆ ಸರಿಸಬೇಕು. ಅನಂತರ ಫಲಕವನ್ನು ಇಟ್ಟಾಗ ಅವನಿಗೆ ಬಿಂಬ ಕಾಣುವುದಿಲ್ಲ. ಕುಳಿತವರು ಕುಳಿತಲ್ಲಿಯೇ ಇದ್ದಾರೆಂಬ ನಂಬಿಕೆಯೊಂದೇ ಅವನಿಗೆ ಆಧಾರ.

ಹಾಗಿರುವಾಗ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳಬೇಕೆಂದರೆ? ಒಬ್ಬನೇ ಮನುಷ್ಯನು ಕ್ಯಾಮರಾದ ಹಿಂದೆಯೂ ಮುಂದೆಯೂ ಇರಲಾರನು. ಅಮೆರಿಕದ ಫಿಲಡೆಲ್ಫಿಯಾ ನಗರದ ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕನು 1839ರಲ್ಲಿ ತನ್ನ ಮನೆತನದ ದೀಪದ ಅಂಗಡಿಯ ಹಿಂದೆ ಕ್ಯಾಮರಾವನ್ನು ನಿಲ್ಲಿಸಿ, ಮಸೂರದ ಮುಚ್ಚಳವನ್ನು ತೆಗೆದು, ತಾನೇ ಎದುರಿಗೆ ಬಂದು ಅಲುಗದೆ ನಿಂತು ಇಂಥ ಚಿತ್ರವನ್ನು ಮಾಡಿಕೊಂಡನು. ಕೆದರಿದ ತಲೆಯ ಆ ಯುವಕ ಚಿತ್ರದ ನಡುವಿನಲ್ಲಿಲ್ಲ, ತುಸು ಪಕ್ಕಕ್ಕೆ ಸರಿದಿದ್ದಾನೆ. ತಾನೆಲ್ಲಿ ನಿಂತಿದ್ದೇನೆಂದು ನೋಡಿ ಹೇಳುವವರು ಯಾರೂ ಇರಲಿಲ್ಲವೇನೋ! ಛಾಯಾಗ್ರಹಣದ ಮೊದಲ ಸ್ವಚಿತ್ರಗಳಲ್ಲಿ ಅದು ಪ್ರಸಿದ್ಧವಾದುದು.

ಮನೆಯಲ್ಲಿ ಸ್ವಂತ ಚಿತ್ರವನ್ನು ತೆಗೆದುಕೊಳ್ಳುವವರು ಇಂದಿಗೂ ದೀನದಯಾಳರ ಕಾಲದ ನಿಯಮಗಳನ್ನು ಮೀರುವಂತಿಲ್ಲ. ಮಾನ್ವಿಯ ಅಥವಾ ದೇವದುರ್ಗದ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಿ. ದಪ್ಪ ಗೋಡೆ, ಚಿಕ್ಕ ಕಿಟಕಿ. ಬೆಳಕೆಲ್ಲವೂ ತಲೆಬಾಗಿಲಿನಿಂದಲೇ ಬರಬೇಕು. ನಡುಹಗಲಿನ ಬಿಸಿಲಿನಲ್ಲಿ ನಿಂತರೆ ಕಣ್ಣುಗುಳಿಗಳು ಕಪ್ಪಾಗುತ್ತವೆ. ಬಾಗಿಲಿನ ಒಳಗೆ, ಬಿಸಿಲು ನೇರವಾಗಿ ಬೀಳದ ಕಡೆ, ಬೆಳಕು ಮುಖದ ಒಂದು ಪಕ್ಕಕ್ಕೆ ತಾಗುವಂತೆ ಕುರ್ಚಿ ಹಾಕಬೇಕು. ಕ್ಯಾಮರಾವನ್ನು ಕೈಯಲ್ಲಿ ಹಿಡಿಯದೆ ಎತ್ತರದ ಸ್ಟೂಲಿನ ಮೇಲೆ ಅಲುಗಾಡದಂತೆ ಇರಿಸಬೇಕು. ಕುರ್ಚಿ ಬರಿದಾಗಿದ್ದರೆ ಮಸೂರವನ್ನು ಯಾವುದರ ಮೇಲೆ ಹೊಂದಿಸುವುದು? ಮುಖ ಬರುವ ಎತ್ತರದಲ್ಲಿ ಅಚ್ಚಾದ ಪುಸ್ತಕವೊಂದನ್ನು ನಿಲ್ಲಿಸಿ, ಅಕ್ಷರಗಳು ನಿಚ್ಚಳವಾಗುವವರೆಗೆ ಮಸೂರವನ್ನು ಹೊಂದಿಸಬೇಕು. ಬಳಿಕ ಅದನ್ನು ಹಾಗೆಯೇ ಬಿಟ್ಟು, ಪುಸ್ತಕವಿದ್ದ ಜಾಗದಲ್ಲಿಯೇ ಮುಖ ಬರುವಂತೆ ಕೂರಬೇಕು. ಕೆಲವು ಸೆಕೆಂಡುಗಳ ಬಳಿಕ ತಾನಾಗಿಯೇ ಚಿತ್ರ ತೆಗೆಯುವ ಏರ್ಪಾಡು ಇಂದಿನ ಕ್ಯಾಮರಾಗಳಲ್ಲಿದೆ. ಅಷ್ಟು ಹೊತ್ತು ಉಸಿರನ್ನು ಸಮವಾಗಿಟ್ಟುಕೊಂಡು ಕುಳಿತರೆ ಸಾಕು. ಸ್ಥಳವನ್ನು ಅಳೆದು ಗುರುತಿಡುವುದೇ ಇಲ್ಲಿ ಮುಖ್ಯ. ಅದು ನಕ್ಷೆಗಾರನ ಬುದ್ಧಿ.

ದೀನದಯಾಳರ ಕಥೆಗೆ ಮರಳೋಣ. 1880ರ ದಶಕದಲ್ಲಿ ಅವರು ಸರ್ಕಾರಿ ನೌಕರಿಯನ್ನು ಬಿಟ್ಟು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನವನ್ನು ಸೇರಿದರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1896ರಲ್ಲಿ ಮುಂಬಯಿಯಲ್ಲಿಯೂ ಒಂದನ್ನು ತೆರೆದರು. ಈ ಎರಡು ನಗರಗಳ ನಡುವಣ ಅಂದಿನ ರೈಲುದಾರಿ ರಾಯಚೂರಿಗೆ ಉತ್ತರದಲ್ಲಿರುವ ನಮ್ಮ ವಾಡಿಯ ಮೂಲಕವೇ ಹಾದುಹೋಗುತ್ತಿತ್ತು. ಮಕ್ಕಳಾದ ಜ್ಞಾನಚಂದ್ ಮತ್ತು ಧರ್ಮಚಂದ್ ತಂದೆಯ ಕಸುಬನ್ನೇ ಹಿಡಿದರು. ನಿಜಾಮರು 1894ರಲ್ಲಿ ಅವರಿಗೆ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. ವಿಕ್ಟೋರಿಯಾ ರಾಣಿಯ ಮನ್ನಣೆಯೂ ಅವರಿಗೆ ಸಂದಿತು. ನಿಜಾಮರ ಅರಮನೆಗಳು, ಸೈನ್ಯದ ಕವಾಯತು, ಹುಲಿಬೇಟೆ, ವೈಸರಾಯರ ಭೇಟಿ, ಔತಣಕೂಟ ಎಲ್ಲವೂ ಅವರ ಗಾಜಿನ ಮೇಲೆ ಮೂಡಿದವು.

ಈ ವೈಭವದ ಪಟ್ಟಿಗಿಂತ ಹೆಚ್ಚು ಗಮನಿಸಬೇಕಾದುದು 1892ರಲ್ಲಿ ಅವರು ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೋ. ಗೋಷಾ ಪದ್ಧತಿಯಲ್ಲಿದ್ದ ಹೆಂಗಸರು ಪರಪುರುಷನ ಎದುರಿಗೆ ಬರುವಂತಿರಲಿಲ್ಲ. ಹೀಗಾಗಿ ಛಾಯಾಗ್ರಹಣ ಬಂದು ಅರ್ಧ ಶತಮಾನ ಕಳೆದರೂ ಎಷ್ಟೋ ಮನೆಗಳಲ್ಲಿ ತಂದೆಯ, ಅಣ್ಣತಮ್ಮಂದಿರ ಚಿತ್ರಗಳು ಗೋಡೆಯ ಮೇಲಿದ್ದವು, ತಾಯಿಯ ಚಿತ್ರವಿರಲಿಲ್ಲ. ಮಗಳು ಮದುವೆಯಾಗಿ ದೂರದ ಊರಿಗೆ ಹೋದಳೆಂದರೆ ಹೆತ್ತವಳ ಮುಖವನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳಬೇಕು. ದೀನದಯಾಳರು ಈ ಕೊರತೆಯನ್ನು ಕಂಡರು. ಎತ್ತರದ ಗೋಡೆಗಳ ಮರೆಯಲ್ಲಿ ಹೆಂಗಸರಿಗೆಂದೇ ಸ್ಟುಡಿಯೋವನ್ನು ಏರ್ಪಡಿಸಿ, ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆಯನ್ನು ಅದರ ಮೇಲ್ವಿಚಾರಣೆಗೆ ನೇಮಿಸಿದರು. ಅಲ್ಲಿ ಚಿತ್ರ ತೆಗೆಯುವವರೂ ಹೆಂಗಸರೇ, ತೆಗೆಸಿಕೊಳ್ಳುವವರೂ ಹೆಂಗಸರೇ. ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತೆನ್ನಬಹುದು. ಇದ್ದರೇನು? ಕಾಣದೆ ಅಳಿದುಹೋಗಬಹುದಾಗಿದ್ದ ಮುಖಗಳಿಗೆ ಅಲ್ಲಿ ಬೆಳಕು ದೊರೆಯಿತು. ಗೋಷಾವನ್ನು ಒಡೆಯುವ ಸುಧಾರಕ ಅವರಲ್ಲ. ಅದರೊಳಗೇ ಒಂದು ಬಾಗಿಲನ್ನು ಮಾಡಿದವರು. ಆ ಬಾಗಿಲು ಸಿರಿವಂತರ ಮನೆಗಳಿಗಷ್ಟೇ ತೆರೆದಿತ್ತೆಂಬುದೂ ನಿಜ.

ಬಡವರ ಮುಖಗಳು ಅವರ ಫಲಕಗಳಿಗೆ ಬಂದುದು ಬೇರೊಂದು ದಾರಿಯಿಂದ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಘೋರ ಕ್ಷಾಮ ರಾಯಚೂರು ಸೀಮೆಯನ್ನೂ ಬಿಡಲಿಲ್ಲ. ಶತಮಾನದ ಕೊನೆಯಲ್ಲಿ, 1899-1900ರಲ್ಲಿ, ಮತ್ತೊಂದು ಬರ ಬಂದಾಗ ನಿಜಾಮರ ಸರ್ಕಾರ ಔರಂಗಾಬಾದಿನ ಕಡೆ ಪರಿಹಾರ ಕಾಮಗಾರಿಗಳನ್ನು ನಡೆಸಿತು. ದೀನದಯಾಳರ ಸಂಸ್ಥೆ ಅವುಗಳ ಚಿತ್ರಗಳನ್ನು ತೆಗೆಯಿತು. ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ತೋರಿಸುವುದೇ ಅವುಗಳ ಉದ್ದೇಶ. ಆದರೆ ಕ್ಯಾಮರಾಕ್ಕೆ ಉದ್ದೇಶ ತಿಳಿಯದು; ಅದು ತನ್ನೆದುರಿಗಿದ್ದುದನ್ನು ಹಿಡಿಯುತ್ತದೆ. ಔತಣಕೂಟದ ಬೆಳ್ಳಿಯ ಪಾತ್ರೆಗಳನ್ನು ಹಿಡಿದ ಕಸುಬುಗಾರಿಕೆಯೇ ಅಲ್ಲಿ ಕೂಲಿಗೆ ಬಂದವರನ್ನೂ ಹಿಡಿಯಿತು. ಬೇಟೆಯ ಚಿತ್ರದಲ್ಲಿರುವ ದೊರೆಗಳ ಹೆಸರುಗಳು ನಮಗೆ ದೊರೆಯುತ್ತವೆ. ಆ ಕೂಲಿಗಳ ಹೆಸರುಗಳನ್ನು ಬರೆದಿಟ್ಟವರಿಲ್ಲ.

1903ರ ದೆಹಲಿ ದರ್ಬಾರನ್ನು ಚಿತ್ರಿಸಿದ ಬಳಿಕ ಅವರ ಬಾಳಿನಲ್ಲಿ ದುಃಖ ಕವಿಯಿತು. ಮಗ ಧರ್ಮಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ, 1905ರ ಜುಲೈ 5ರಂದು, ದೀನದಯಾಳರೂ ಕಾಲವಾದರು. ಅವರ ಸಂಸ್ಥೆಯ ಹಿಂದಿನ ವೈಭವ ಮತ್ತೆ ಮರಳಲಿಲ್ಲ.

ಉಳಿದದ್ದು ಗಾಜು. ಆಗಿನ ರೀತಿಯಲ್ಲಿ ಫಲಕದಷ್ಟೇ ದೊಡ್ಡದಾದ ಕಾಗದವನ್ನು ಅದಕ್ಕೆ ಒತ್ತಿಟ್ಟು ಬಿಸಿಲಿನಲ್ಲಿ ಅಚ್ಚಿಳಿಸುತ್ತಿದ್ದುದರಿಂದ, ದೊಡ್ಡ ಚಿತ್ರ ಬೇಕಾದರೆ ಫಲಕವೂ ದೊಡ್ಡದಾಗಿಯೇ ಇರಬೇಕಿತ್ತು. ತೂಕದ, ಬಿದ್ದರೆ ಚೂರಾಗುವ ಆ ಹಲಗೆಗಳು ಬಹುಕಾಲ ಕುಟುಂಬದವರ ವಶದಲ್ಲಿದ್ದವು. 1989ರಲ್ಲಿ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಅವುಗಳಲ್ಲಿ 2,857 ಫಲಕಗಳನ್ನು ಕೊಂಡು ಸಂರಕ್ಷಿಸಿತು. 2006ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಗಾಜಿನಲ್ಲಿ ಬೆಳಕು ಕಪ್ಪಾಗಿಯೂ ನೆರಳು ಬಿಳಿದಾಗಿಯೂ ಕಾಣುತ್ತದೆ. ನವಾಬನೋ ಕೂಲಿಯೋ ಎಂಬುದು ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಡುಪನ್ನು ನೋಡಿ, ನಿಧಾನವಾಗಿ ಗುರುತಿಸಬೇಕು.