ಮಾವನ ಪೇಟಿಯಿಂದ ಪುಣ್ಯಾಶ್ರಮದವರೆಗೆ: ಗಾನಯೋಗಿ ಪುಟ್ಟರಾಜ ಗವಾಯಿ

ಮಕ್ಕಳಿಗೆ ಮೊದಲ ಕೀಬೋರ್ಡ್ ಕೊಡಿಸಲು ಹೊರಟ ಪಾಲಕರ ಮುಂದೆ ಇಂದು ಆಯ್ಕೆಗಳ ರಾಶಿಯೇ ಇರುತ್ತದೆ. 61 ಮನೆಗಳದ್ದು ಸಾಕೇ, ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದ ಏರಿಳಿಯುವಂಥದ್ದೇ ಬೇಕೇ, ನೂರಾರು ವಾದ್ಯಗಳ ಧ್ವನಿ ತುಂಬಿರುವುದು ಕಲಿಯುವವರಿಗೆ ಅಗತ್ಯವೇ ಎಂಬ ಚರ್ಚೆ ನಡೆಯುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ಇಂದಿನ ಹಾವೇರಿ ಜಿಲ್ಲೆಯ ಅಂಧ ಬಾಲಕನೊಬ್ಬನಿಗೆ ಈ ಯಾವ ಆಯ್ಕೆಯೂ ಇರಲಿಲ್ಲ. ಮನೆಯಲ್ಲಿದ್ದುದು ಸೋದರಮಾವನ ಹಾರ್ಮೋನಿಯಂ, ಉತ್ತರ ಕರ್ನಾಟಕದ ಮಾತಿನಲ್ಲಿ ಪೇಟಿ. ಅದನ್ನು ನುಡಿಸುತ್ತಿದ್ದ ಪುಟ್ಟಯ್ಯನೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳಾದರು.

1914ರ ಮಾರ್ಚ್ 3ರಂದು ದೇವಗಿರಿಯ ರೇವಣಯ್ಯ ಮತ್ತು ಸಿದ್ದಮ್ಮ ದಂಪತಿಗೆ ಜನಿಸಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಸೋದರಮಾವ ಚಂದ್ರಶೇಖರಯ್ಯನವರು ಬಾಲಕನ ಪಾಲನೆಯ ಹೊಣೆ ಹೊತ್ತರು. ಅಂದಿನ ಹಳ್ಳಿಯಲ್ಲಿ ಕಣ್ಣಿಲ್ಲದ ಮಗುವಿಗೆ ಅಕ್ಷರದ ದಾರಿಯಾಗಲೀ ದುಡಿಮೆಯ ದಾರಿಯಾಗಲೀ ಸುಲಭವಾಗಿ ತೆರೆಯುವಂತಿರಲಿಲ್ಲ. ಪೇಟಿಯ ಮೇಲೆ ಬಾಲಕನ ಬೆರಳಾಡುವುದನ್ನು ಗಮನಿಸಿದ ಮಾವ ಅದನ್ನು ಆಟವೆಂದು ತಳ್ಳಿಹಾಕದೆ, ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದರು.

ಆ ವಾದ್ಯ ಮಗುವಿಗೆ ಒಗ್ಗಿದ್ದರಲ್ಲಿ ಅಚ್ಚರಿಯೇನಿಲ್ಲ. ತಂತಿವಾದ್ಯದಲ್ಲಿ ಸ್ವರವನ್ನು ಹುಡುಕಿ ಹಿಡಿಯಬೇಕು. ಪೇಟಿಯಲ್ಲಿ ಅದು ಮೊದಲೇ ನೆಲೆಗೊಂಡಿರುತ್ತದೆ. ಕರಿ ಮನೆಗಳು ಬಿಳಿ ಮನೆಗಳಿಗಿಂತ ಎತ್ತರದಲ್ಲಿದ್ದು, ಎರಡು ಮತ್ತು ಮೂರರ ಗುಂಪಾಗಿ ಜೋಡಣೆಯಾಗಿರುವುದರಿಂದ ಕಣ್ಣಿನ ನೆರವಿಲ್ಲದೆ ಕೈಗೇ ದಾರಿ ಸಿಗುತ್ತದೆ. ಇಂದಿನ ಕೀಬೋರ್ಡಿನಲ್ಲಿಯೂ ಇದೇ ಜೋಡಣೆ. ವ್ಯತ್ಯಾಸವಿರುವುದು ಎಡಗೈಯಲ್ಲಿ. ಪೇಟಿ ನುಡಿಸುವವರ ಎಡಗೈ ತಿದಿಯೊತ್ತಲು ಮೀಸಲು. ನಾದದ ಏರಿಳಿತವೆಲ್ಲ ಆ ಗಾಳಿಯ ಹದದಲ್ಲಿದೆ. ಗುಂಡಿಯೊತ್ತಿ ಶ್ರುತಿ ಬದಲಿಸುವ ಸೌಕರ್ಯವೂ ಆಗ ಇರಲಿಲ್ಲ. ಕರಿ ಎರಡಕ್ಕೆ ಹಾಡುವವರು ಬಂದರೆ ಅಲ್ಲಿಂದ, ಬಿಳಿ ನಾಲ್ಕಕ್ಕೆ ಹಾಡುವವರು ಬಂದರೆ ಅಲ್ಲಿಂದ ರಾಗವನ್ನು ನುಡಿಸಲು ಬೆರಳುಗಳೇ ಕಲಿಯಬೇಕಿತ್ತು. ಕಲಿಯುವವರಿಗೆ ಇದು ಕಷ್ಟವೆನಿಸಿದರೂ ಕಿವಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ವಿರಳ.

ಪ್ಯಾರಿಸ್ಸಿನಲ್ಲಿ 1842ರಲ್ಲಿ ಅಲೆಕ್ಸಾಂಡ್ರ್ ಡೆಬೇನ್ ಹಕ್ಕುಸ್ವಾಮ್ಯ ಪಡೆದ ಈ ವಾದ್ಯವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ನೆಲದ ಮೇಲೆ ಕುಳಿತು ಕೈಯಿಂದ ನುಡಿಸುವ ರೂಪಕ್ಕೆ ತಂದರು. ಭಜನೆ, ರಂಗಭೂಮಿ ಎರಡೂ ಅದನ್ನು ಬೇಗನೆ ಒಪ್ಪಿಕೊಂಡವು. ಪಂಡಿತರ ಆಕ್ಷೇಪ ಮಾತ್ರ ನಿಲ್ಲಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಸಾಧ್ಯವಿಲ್ಲ, ಶ್ರುತಿಯ ಸೂಕ್ಷ್ಮಗಳಿಗೆ ಅಲ್ಲಿ ಜಾಗವಿಲ್ಲ ಎಂಬುದು ದೂರು. ದೂರಿನಲ್ಲಿ ಸತ್ಯಾಂಶವಿತ್ತು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಮೇಲೆ ಹೇರಿದ ನಿಷೇಧ 1970ರ ದಶಕದ ಆರಂಭದವರೆಗೆ ಸಡಿಲಗೊಳ್ಳಲಿಲ್ಲ.

ಪುಟ್ಟಯ್ಯ ಒಂದೇ ವಾದ್ಯಕ್ಕೆ ನಿಲ್ಲಲಿಲ್ಲವಾದ್ದರಿಂದ ಈ ಕೊರತೆ ಅವರನ್ನು ಕಟ್ಟಿಹಾಕಲಿಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಉಚಿತವಾಗಿ ನೀಡುತ್ತಿದ್ದರು. ಪುಟ್ಟಯ್ಯ ಅವರಿಂದ ಹಿಂದೂಸ್ತಾನಿ ಗಾಯನವನ್ನು, ಮುಂಡರಗಿ ರಾಘವೇಂದ್ರಾಚಾರ್ಯರಿಂದ ಕರ್ನಾಟಕ ಸಂಗೀತವನ್ನು ಕಲಿತರು. ತಬಲಾ, ಪಿಟೀಲು, ಸಾರಂಗಿ, ವೀಣೆ ಒಂದೊಂದಾಗಿ ಕೈವಶವಾದವು. ಪೇಟಿಯ ಸ್ಥಿರ ಸ್ವರದಿಂದ ಹೊರಟ ಬೆರಳು ಸಾರಂಗಿಯ ಜಾರುಸ್ವರವನ್ನೂ ಮುಟ್ಟಿತು ಎಂಬುದು ಗಮನಾರ್ಹ.

1944ರ ಜೂನ್‌ನಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರ 30 ವರ್ಷದ ಪುಟ್ಟರಾಜರ ಹೆಗಲೇರಿತು. ರಾಗ ಕಲಿಸುವುದು ಒಂದು ಕೆಲಸ. ದಿನವೂ ಪಂಕ್ತಿಗೆ ಕೂರುವ ಮಕ್ಕಳಿಗೆ ರೊಟ್ಟಿ ಒದಗಿಸುವುದು ಮತ್ತೊಂದು, ಅದಕ್ಕಿಂತ ಕಠಿಣವಾದುದು. ಅವರು ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ಅದರ ಗಳಿಕೆಯನ್ನು ಆಶ್ರಮಕ್ಕೆ ಸುರಿದರು. ಶಾಸ್ತ್ರೀಯ ಸಂಗೀತದ ಗುರುವೊಬ್ಬರು ಟಿಕೆಟ್ ಮಾರಾಟದ ಲೆಕ್ಕಕ್ಕೂ ಮನಸ್ಸು ಕೊಡಬೇಕಾದ ಬದುಕು ಅದು. ಇದರ ನಡುವೆಯೇ ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬ್ರೈಲ್ ಲಿಪಿ ಅವರಿಗೆ ಮತ್ತೊಂದು ಕೀಲಿಮಣೆಯಾಗಿತ್ತು ಎನ್ನಬಹುದು.

ಆಶ್ರಮದಿಂದ ಹೊರಬಿದ್ದವರು ಅನೇಕರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಕಾಲದವರು. ಬಳ್ಳಾರಿ ಸೀಮೆಯಿಂದ ಬಂದ ಬಾಲಕ ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಹತ್ತಕ್ಕೂ ಹೆಚ್ಚು ವರ್ಷ ಕಲಿತರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹೆಸರಾಂತ ಗಾಯಕರಾಗದೆ ಶಾಲೆಯ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರ ಜತೆ ಪೇಟಿ-ತಬಲಾ ಸಾಥ್ ನೀಡುತ್ತ ಸ್ವಂತ ದುಡಿಮೆಯಲ್ಲಿ ಬದುಕು ಕಟ್ಟಿಕೊಂಡ ಅಂಧರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಗದಗ-ಬೆಟಗೇರಿಯಲ್ಲಾಗಲೀ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಾಗಲೀ ಅವರ ಹೆಸರು ಹೇಳಿದರೆ ಪರಿಚಯ ಹೇಳಬೇಕಾಗಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2010ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೆಯ ವಯಸ್ಸಿನಲ್ಲಿ ಅವರು ಗದಗಿನಲ್ಲಿ ಲಿಂಗೈಕ್ಯರಾದರು. ತಾವು ದಶಕಗಳ ಕಾಲ ಮುನ್ನಡೆಸಿದ ಆಶ್ರಮದ ಆವರಣದಲ್ಲಿಯೇ ಅವರ ಸಮಾಧಿಯಾಯಿತು.