ತಂಬೂರಿಯ ಎಳೆಯಲ್ಲಿ ವಿಜ್ಞಾನ ಕಂಡ ಸರ್ ಸಿ.ವಿ. ರಾಮನ್



ತಮ್ಮ ದೇಹವನ್ನೇ ತಂತಿವಾದ್ಯವಾಗಿ ನುಡಿಸೆಂದು ಬಸವಣ್ಣನವರು ಕೂಡಲಸಂಗಮನನ್ನು ಬೇಡಿಕೊಂಡ ವಚನವನ್ನು ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಭಕ್ತರೆಲ್ಲರೂ ಬಲ್ಲರು. ತಂತಿಯಿಂದ ನಾದ ಹೊರಡುವ ಬಗೆಯನ್ನು ಪ್ರಯೋಗ ಮಾಡಿ ತಿಳಿಸಿದ ಮಹನೀಯರೊಬ್ಬರು ನಮ್ಮ ಹೆದ್ದಾರಿಯ ಎರಡೂ ತುದಿಗೆ ಸೇರಿದವರೆಂಬುದು ಮಾತ್ರ ಅನೇಕರಿಗೆ ತಿಳಿಯದು. ತಿರುಚ್ಚಿಯಿಂದ ಸೇಲಂ, ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿಗೆ ಹೋಗುವ ದಾರಿಯ ಒಂದು ತುದಿಯಲ್ಲಿ ಹುಟ್ಟಿ, ಇನ್ನೊಂದು ತುದಿಯಲ್ಲಿ ನೆಲೆಸಿದ ಅವರು ಸರ್ ಸಿ.ವಿ. ರಾಮನ್.

1888ನೇ ನವೆಂಬರ್ 7ರಂದು ತಿರುಚ್ಚಿಯಲ್ಲಿ ಜನಿಸಿದ ರಾಮನ್ ಅವರ ತಂದೆ ಚಂದ್ರಶೇಖರ ಅಯ್ಯರ್ ಅವರು ಅಧ್ಯಾಪಕರು, ಪಿಟೀಲು ನುಡಿಸುತ್ತಿದ್ದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಮಗ 1907ರಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ, ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ವೀಣೆ ನುಡಿಸಬಲ್ಲ ಲೋಕಸುಂದರಿ ಅವರನ್ನು ವರಿಸಿದ್ದೂ ಅದೇ ವರ್ಷ. ಹಗಲೆಲ್ಲ ಸರ್ಕಾರದ ಜಮಾ ಖರ್ಚು, ಬೆಳಿಗ್ಗೆ ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ, ಹೀಗೆ ಹಲವು ವರ್ಷ. ಲೆಕ್ಕ ಬರೆದೇ ಕಾಲ ಕಳೆಯುವ ನಮ್ಮಂಥವರಿಗೆ ಈ ದಿನಚರಿ ನಂಬುವುದೇ ಕಷ್ಟ! 1917ರಲ್ಲಿ ಅವರು ಆ ದೊಡ್ಡ ಹುದ್ದೆಯನ್ನೇ ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಆ ದಿನಗಳಲ್ಲಿ ಅವರಿಗೆ ಹಿಡಿದಿದ್ದ ಗೀಳೆಂದರೆ ವಾದ್ಯಗಳು. ಎರಡು ಮೊಳೆಗಳ ನಡುವೆ ತಂತಿ ಬಿಗಿದು ಮೀಟಿದರೆ ಸದ್ದು ಪಕ್ಕದವರಿಗೂ ಸರಿಯಾಗಿ ಕೇಳಿಸದು. ತೆಳ್ಳನೆಯ ತಂತಿ ಗಾಳಿಯನ್ನು ಸೀಳುತ್ತದೆ, ತಳ್ಳಲಾರದು. ಅದರ ಕಂಪನ ಕುದುರೆಯ ಮೂಲಕ ಕೆಳಗಿನ ಹಲಗೆಗೆ ಇಳಿದಾಗ ಆ ಅಗಲವಾದ ಹಲಗೆ ಗಾಳಿಯನ್ನು ಅಲುಗಿಸಿ ನಾದ ಮಾಡುತ್ತದೆ. ತಂತಿಯ ಉದ್ದ ಅರ್ಧವಾದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ, ಬಿಗಿದರೂ ಏರುತ್ತದೆ, ತಂತಿ ದಪ್ಪನಾದರೆ ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ಇನ್ನೂ ಹೆಚ್ಚು ಭಾಗಗಳಾಗಿಯೂ ಕಂಪಿಸುತ್ತದೆ. ಮೂಲಸ್ವರದ ಜೊತೆಗೆ ಕೇಳುವ ಉಪಸ್ವರಗಳು ಇವೇ. ಭಾಗಗಳು ಸೇರುವ ಬಿಂದು ಅಲುಗದೆ ನಿಲ್ಲುತ್ತದೆ. ಸರಿಯಾಗಿ ಅಲ್ಲೇ ಮೀಟಿದರೆ ಆ ಉಪಸ್ವರ ಹುಟ್ಟದು. ಇದು ಇಂಗ್ಲೆಂಡಿನ ಥಾಮಸ್ ಯಂಗ್ ಅವರ ಹೆಸರಿನ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡು ಭಾಗದ ಸ್ವರ ಮಾಯವಾಗಬೇಕು. ರಾಮನ್ ತಂಬೂರಿ, ವೀಣೆಗಳನ್ನು ಹಾಗೆಯೇ ಮೀಟಿ ನೋಡಿದರು. ಮಾಯವಾಗಬೇಕಾದ ಸ್ವರ ಗಟ್ಟಿಯಾಗಿಯೇ ಕೇಳಿಸಿತು!

ಕಾರಣ ಕುದುರೆಯಲ್ಲಿತ್ತು. ಪಿಟೀಲಿನ ಕುದುರೆ ಕಿರಿದಾದ ಅಂಚಿನದು. ತಂಬೂರಿಯದು ಅಗಲ, ಮೇಲ್ಮೈ ತುಸು ಬಾಗಿದ್ದು. ತಂತಿ ಪ್ರತಿ ಕಂಪನದಲ್ಲಿಯೂ ಆ ಬಾಗಿದ ಮೈಯನ್ನು ಮುಟ್ಟಿ ಮುಟ್ಟಿ ಬಿಡುತ್ತದೆ. ತಂತಿಯ ಕೆಳಗೆ ಸಿಕ್ಕಿಸುವ ಹತ್ತಿಯ ಎಳೆ ಈ ಸ್ಪರ್ಶವನ್ನು ಹದಕ್ಕೆ ತರುತ್ತದೆ. ಎಳೆ ಸರಿಯಾಗಿ ಕೂತಾಗ ತಂಬೂರಿಗೆ ಜೀವ ಬಂತು ಎನ್ನುವುದು ಇದಕ್ಕೇ. ವೀಣೆಗೆ ಎಳೆ ಬೇಡ, ಕುದುರೆಯ ಮೇಲಿನ ಬಾಗಿದ ಲೋಹದ ಪಟ್ಟಿಯೇ ಆ ಕೆಲಸ ಮಾಡುತ್ತದೆ. 1921ರಲ್ಲಿ ರಾಮನ್ ಇದನ್ನು ಪ್ರಕಟಿಸಿದರು. ಹೆಸರಿಲ್ಲದ ಬಡಗಿಗಳು ಕಿವಿಯನ್ನೇ ನಂಬಿ ಮಾಡಿದ ಕಾಯಕ ಪುಸ್ತಕದ ನಿಯಮಕ್ಕಿಂತ ಮುಂದೆ ಹೋಗಿತ್ತು.

ಈಗ ಅನೇಕ ಭಜನೆಗಳಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆ ಕೂತಿದೆ. ಅನುಕೂಲವೇನೋ ಸರಿ. ಮನೆಯ ಮೂಲೆಯಲ್ಲಿ ಹಳೆಯ ತಂಬೂರಿ ಇದ್ದವರು ಮಾತ್ರ ಅದರ ಕುದುರೆಯನ್ನು ಹೊಳಪು ಬರಲೆಂದು ಉಪ್ಪುಕಾಗದದಿಂದ ಉಜ್ಜಬಾರದು. ಬಾಗು ಹೋದರೆ ನಾದವೂ ಹೋಯಿತು. ಬಲ್ಲವರ ಕೈಯಲ್ಲೇ ಸರಿಪಡಿಸಿಕೊಳ್ಳತಕ್ಕದ್ದು.

ಪಿಟೀಲಿಗೂ ಅವರು ಯಂತ್ರ ಹೂಡಿದ್ದರು. ಕಮಾನನ್ನು ನಿಲ್ಲಿಸಿ ಪಿಟೀಲನ್ನೇ ಹಿಂದೆ ಮುಂದೆ ಓಡಿಸಿ, ಕಮಾನಿನ ಒತ್ತಡ ಎಷ್ಟಿದ್ದರೆ ಸ್ವರ ನಿಲ್ಲುತ್ತದೆಂದು ಅಳೆದರು. ಮೃದಂಗದ ಕರಣೆಯ ಗುಟ್ಟನ್ನೂ ಬಿಡಿಸಿದರು. ಆಮೇಲೆ ಅವರ ಮನಸ್ಸು ಬೆಳಕಿನತ್ತ ತಿರುಗಿತು. 1928ರ ಫೆಬ್ರವರಿ 28ರ ಶೋಧಕ್ಕೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಶಾಲೆಯ ಮಕ್ಕಳಿಗೂ ಗೊತ್ತು.

1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಕನ್ನಡ ನಾಡಿನಲ್ಲಿಯೇ ಉಳಿದರು. ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ 1948ರಲ್ಲಿ ತಮ್ಮದೇ ಸಂಶೋಧನಾಲಯ ತೆರೆದರು. 1954ರಲ್ಲಿ ಭಾರತರತ್ನರಾದರು. 1970ನೇ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಯಾವ ವಿಧಿಯೂ ಇಲ್ಲದೆ ಆ ಸಂಶೋಧನಾಲಯದ ಆವರಣದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಗುರುತಿಗಾಗಿ ಅಲ್ಲಿ ಒಂದು ಮರ ನೆಟ್ಟರು.