ಶ್ರೀವಿದ್ಯಾ ಅಂಕಿತದ ಅರಸರು: ಜಯಚಾಮರಾಜ ಒಡೆಯರ್ ಸ್ಮರಣೆ



ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿ ತಯಾರಿಸಲು ಕಾರ್ಯಕಾರಿ ಸಮಿತಿ ಇತ್ತೀಚೆಗೆ ಫಾತೋರ್ಡಾದಲ್ಲಿ ಸೇರಿತ್ತು. ನಮ್ಮ ಹೆಣ್ಣುಮಕ್ಕಳ ಸಂಗೀತ ತಂಡ ಅಠಾಣ ರಾಗದ ಒಂದು ಗಣಪತಿ ಕೃತಿಯಿಂದ ಕಾರ್ಯಕ್ರಮ ಆರಂಭಿಸುವುದೆಂದು ತೀರ್ಮಾನವಾಯಿತು. ಆಮಂತ್ರಣ ಪತ್ರಿಕೆಯಲ್ಲಿ ರಚನೆ ಯಾರದೆಂದು ಹಾಕಬೇಕಲ್ಲ? ಒಬ್ಬರು ದೀಕ್ಷಿತರದು ಎಂದರು, ಇನ್ನೊಬ್ಬರು ವಾಸುದೇವಾಚಾರ್ಯರದು ಎಂದರು. ಕಲಿಸುವ ಶಿಕ್ಷಕಿ, ಅದು ಮೈಸೂರಿನ ಜಯಚಾಮರಾಜ ಒಡೆಯರ್ ಅವರದು ಎಂದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಒಬ್ಬ ಹಿರಿಯರು, ಮಹಾರಾಜರು ತಾವೇ ಬರೆದದ್ದೋ, ಯಾರಿಂದಲಾದರೂ ಬರೆಸಿದ್ದೋ ಎಂದು ನಕ್ಕರು. ವಿಜಯಪುರದ ಕಡೆಯ ಸದಸ್ಯರೊಬ್ಬರು, ಮೈಸೂರು ಅರಸರಿಗೂ ನಮಗೂ ಏನು ಸಂಬಂಧ ಎಂದು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಬರೆಯುವ ಕೆಲಸ ಎಂದಿನಂತೆ ಕಾರ್ಯದರ್ಶಿಯ ಪಾಲಿಗೆ ಬಂತು. ಬಲ್ಲವರಿಂದ ಕೇಳಿ, ಓದಿ, ತಿಳಿದಷ್ಟನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪನೇ ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಅವರ ನಂತರ ತಮ್ಮ, ತಮ್ಮನ ನಂತರ ತಮ್ಮನ ಮಗ ಪಟ್ಟಕ್ಕೆ ಬರಬೇಕಾಗಿತ್ತು. ಹೀಗಾಗಿ ಹುಡುಗನಿಗೆ ಸಿಂಹಾಸನ ಇನ್ನೂ ದೂರದ ಮಾತು. ಆ ಬಿಡುವಿನಲ್ಲಿ ಆತ ಮನಸ್ಸು ಕೊಟ್ಟದ್ದು ಪಿಯಾನೋಕ್ಕೆ.

ಅರಮನೆಯಲ್ಲಿ ಎರಡೂ ಬಗೆಯ ಸಂಗೀತವಿತ್ತು. ಒಂದು ಕಡೆ ಆಸ್ಥಾನ ವಿದ್ವಾಂಸರ ವೀಣೆ, ಪಿಟೀಲು, ಗಾಯನ. ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡು. ನಮ್ಮ ಗೋವೆಯವರಿಗೆ ಇದು ಹೊಸದೇನಲ್ಲ. ಇಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳು ಸ್ವರಲಿಪಿ ನೋಡಿ ಪಿಟೀಲು ಕಲಿತರು, ಅತ್ತ ದೇವಸ್ಥಾನದ ಅಂಗಳದಲ್ಲಿ ಹಾಡಿ ಬೆಳೆದವರು ಹಿಂದುಸ್ತಾನಿ ಸಂಗೀತದ ದೊಡ್ಡ ಹೆಸರುಗಳಾದರು. ಆದರೆ ಎರಡನ್ನೂ ಒಬ್ಬರೇ ಆಳವಾಗಿ ಕಲಿಯುವುದು ಎಲ್ಲಿಯೂ ಅಪರೂಪ. ಯುವಕ ಜಯಚಾಮರಾಜರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು, 1939ರಲ್ಲಿ ಯೂರೋಪ್ ಪ್ರವಾಸ ಮಾಡಿ ಬಂದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಅವರಿಗಿತ್ತು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಸ್ಥಾನ ಕೊಟ್ಟಿತು. ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕು ಎಂಬುದು ಅವರ ಆಸೆಯಾಗಿತ್ತು.

ಆ ಆಸೆ ಮುಗಿದದ್ದು 1940ರಲ್ಲಿ. ಮಾರ್ಚಿಯಲ್ಲಿ ತಂದೆ ತೀರಿಕೊಂಡರು, ಆಗಸ್ಟ್ 3ರಂದು ದೊಡ್ಡಪ್ಪ ತೀರಿಕೊಂಡರು. ಸೆಪ್ಟೆಂಬರಿನಲ್ಲಿ, 21ನೆಯ ವಯಸ್ಸಿಗೆ, ಅವರು ಮೈಸೂರಿನ ಮಹಾರಾಜರಾದರು. ನಮ್ಮಲ್ಲಿ ಎಷ್ಟೋ ಜನ ತಂದೆ ಹೋದ ವರ್ಷವೇ ಓದು ಬಿಟ್ಟು ಕೆಲಸಕ್ಕೆ ಸೇರಿದವರಿದ್ದೇವೆ. ಅರಮನೆಯಾದರೂ ಅಷ್ಟೇ, ಮನೆಯ ಹೊಣೆ ಹೆಗಲಿಗೆ ಬಂದಾಗ ಸ್ವಂತದ ಇಷ್ಟ ಹಿಂದಕ್ಕೆ ಸರಿಯುತ್ತದೆ.

ವೇದಿಕೆಯಲ್ಲಿ ನುಡಿಸಲಾಗದಿದ್ದವರು ಕೇಳುವುದನ್ನು ಬಿಡಲಿಲ್ಲ. ಅರಮನೆಯಲ್ಲಿ ಸಾವಿರಾರು ಗ್ರಾಮಫೋನ್ ತಟ್ಟೆಗಳ ಸಂಗ್ರಹವಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಲಂಡನ್ನಿನಿಂದ ವಾಲ್ಟರ್ ಲೆಗ್ ಎಂಬುವರು ಮೈಸೂರಿಗೆ ಬಂದರು. ಅವರು ಗ್ರಾಮಫೋನ್ ಕಂಪನಿಯಲ್ಲಿ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದವರು, 1945ರಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದವರು. ಮಹಾರಾಜರು ಆ ವೃಂದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಪ್ಪಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ ಆದರು.

ಅವರಿಗೆ ಇನ್ನೊಂದು ಆಸೆಯಿತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತ ರಚನಕಾರರ ಕೃತಿಗಳೆಲ್ಲ ಧ್ವನಿಮುದ್ರಣವಾಗಬೇಕು ಎಂಬುದು. ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ ದೇಶ ಬಿಟ್ಟು, ಅಲ್ಲಿ ಇಲ್ಲಿ ಇದ್ದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಕಾಲಕ್ಕೆ ತಕ್ಕ ಹೊಸ ಶೈಲಿಗೆ ಅವರು ಒಗ್ಗಲಿಲ್ಲ, ಆದ್ದರಿಂದ ಜನ ಅವರನ್ನು ಕೇಳುವುದು ಕಡಿಮೆಯಾಯಿತು. ಪಾಠ ಹೇಳಿ ಜೀವನ ಸಾಗಿಸುತ್ತಿದ್ದರು, ಹೃದಯದ ಕಾಯಿಲೆ ಬೇರೆ. ಅಂಥವರಿಗೆ, ತಾವೆಂದೂ ಕಾಣದ ಮೈಸೂರು ಎಂಬ ಊರಿನಿಂದ ನೆರವು ಬಂತು. ಮಹಾರಾಜರ ಹಣದಿಂದ ಮೆಟ್ನರ್ ಹೆಸರಿನಲ್ಲೊಂದು ಸಂಘ ಸ್ಥಾಪನೆಯಾಯಿತು. ವಯಸ್ಸಾದ ಮೆಟ್ನರ್ ತಾವೇ ಪಿಯಾನೋ ಮುಂದೆ ಕುಳಿತು ತಮ್ಮ ಮೂರು ಕಾನ್ಸರ್ಟೋಗಳನ್ನೂ ಬೇರೆ ರಚನೆಗಳನ್ನೂ ಮುದ್ರಿಸಿದರು. ಹಿಸ್ ಮಾಸ್ಟರ್ಸ್ ವಾಯ್ಸ್ ಮುದ್ರೆಯಲ್ಲಿ ಮೂರು ಸಂಪುಟ ಹೊರಬಂದವು. ಕೆಲಸ ಪೂರ್ತಿಯಾಗುವ ಮೊದಲೇ, 1951ರ ನವೆಂಬರಿನಲ್ಲಿ, ಮೆಟ್ನರ್ ತೀರಿಕೊಂಡರು. ಅವರ ಮೂರನೆಯ ಪಿಯಾನೋ ಕಾನ್ಸರ್ಟೋ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಇವತ್ತು ಮೆಟ್ನರ್ ತಮ್ಮ ಕೃತಿಗಳನ್ನು ಹೇಗೆ ನುಡಿಸುತ್ತಿದ್ದರೆಂದು ಜಗತ್ತು ಕೇಳಬೇಕಾದರೆ ಮುಖ್ಯವಾಗಿ ಆ ಮುದ್ರಣಗಳನ್ನೇ ಹುಡುಕಬೇಕು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡಾಗ ನಾಲ್ಕು ಕೊನೆಯ ಹಾಡುಗಳನ್ನು ಬಿಟ್ಟುಹೋಗಿದ್ದರು. ಅವು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಮುದ್ರಿಸಿದ ತಟ್ಟೆ ಮೈಸೂರಿಗೆ ಬಂತು, ಇಲ್ಲಿ ಕುಳಿತು ಕೇಳಿದರು.

ಇದೇ ವರ್ಷಗಳಲ್ಲಿ ರಾಜ್ಯದಲ್ಲಿ ಏನು ನಡೆದಿತ್ತು ಎಂಬುದನ್ನು ನಾವು ಮುಚ್ಚಿಡಬಾರದು. 1947ರ ಆಗಸ್ಟಿನಲ್ಲಿ ಮಹಾರಾಜರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಮೈಸೂರು ಚಲೋ ಚಳವಳಿ ಹೂಡಬೇಕಾಯಿತು, ಸಾವಿರಾರು ಜನ ಜೈಲಿಗೆ ಹೋದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಂಥ ಹೊತ್ತಿನಲ್ಲಿ ಲಂಡನ್ನಿನ ಸಂಗೀತಕ್ಕೆ ಅಷ್ಟು ಹಣವೇ ಎಂದು ಯಾರಾದರೂ ಕೇಳಿದರೆ ಅದನ್ನು ತಪ್ಪು ಎನ್ನಲಾರೆವು. ಸಂಗೀತವೂ ನಿಜ, ಈ ಪ್ರಶ್ನೆಯೂ ನಿಜ.

ಈಗ ನಮ್ಮ ಹೆಣ್ಣುಮಕ್ಕಳ ಹಾಡಿಗೆ ಬರೋಣ. ಪಿಯಾನೋ ಕಲಿತ ಅರಸರು ಪಟ್ಟಕ್ಕೆ ಬಂದ ಮೇಲೆ ಕರ್ನಾಟಕ ಸಂಗೀತಕ್ಕೆ ಇಳಿದರು. ಮೈಸೂರು ವಾಸುದೇವಾಚಾರ್ಯರಲ್ಲಿ ಪಾಠ, ವೆಂಕಟಗಿರಿಯಪ್ಪನವರಲ್ಲಿ ವೀಣೆ. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದರು. ಆ ಉಪಾಸನೆಯಿಂದಲೇ ಕೃತಿಗಳು ಬಂದವು. ಒಟ್ಟು 94 ಕೃತಿಗಳು, ಸಂಸ್ಕೃತದಲ್ಲಿ, ಹೆಚ್ಚಿನವು ದೇವಿಯ ಮೇಲೆ. ಅಂಕಿತ ಶ್ರೀವಿದ್ಯಾ. ದೀಕ್ಷಿತರ ದಾರಿಯಲ್ಲಿಯೇ ರಾಗದ ಹೆಸರನ್ನೂ ಸಾಹಿತ್ಯದೊಳಗೆ ಸೇರಿಸಿದ್ದಾರೆ. ಎಷ್ಟೋ ರಾಗಗಳು ಅಪರೂಪದವು, ಬೇರೆಯವರು ಮುಟ್ಟದಂಥವು. ಅಠಾಣದ ಶ್ರೀಮಹಾಗಣಪತಿಂ ಭಜೇಹಂ, ಗಂಭೀರನಾಟದ ಶ್ರೀ ಜಾಲಂಧರಂ, ಇವೆರಡು ಮಾತ್ರ ಕಛೇರಿಗಳಲ್ಲಿ ಚೆನ್ನಾಗಿ ಓಡಾಡುತ್ತವೆ. ಉಳಿದ ತೊಂಬತ್ತು ಚಿಲ್ಲರೆ ಕೃತಿಗಳನ್ನು ಕೇಳಿದವರು ಕಡಿಮೆ.

ಏಕೆ ಹೀಗಾಯಿತು? ನಮಗೆ ತೋಚುವ ಕಾರಣ ಇಷ್ಟು. ಅವು ಪೂಜೆಗಾಗಿ ಹುಟ್ಟಿದ ಕೃತಿಗಳು, ಸಭೆಗಾಗಿ ಅಲ್ಲ. ತ್ಯಾಗರಾಜರಿಗೆ ಶಿಷ್ಯರಿದ್ದರು, ಶಿಷ್ಯರಿಗೆ ಶಿಷ್ಯರಾದರು. ಅರಸರಿಗೆ ಪಾಠಕ್ಕೆ ಕೂರುವ ಶಿಷ್ಯರು ಎಲ್ಲಿಂದ ಬರಬೇಕು? ಎಲ್ಲ ಕೃತಿಗಳೂ ಸ್ವರಸಹಿತವಾಗಿ ಒಂದೆಡೆ ಪುಸ್ತಕವಾಗಿ ಸಿಕ್ಕದ್ದು ಅವರು ತೀರಿಕೊಂಡು ಮೂರು ದಶಕಗಳ ಮೇಲೆ, ವಾಸುದೇವಾಚಾರ್ಯರ ಮೊಮ್ಮಗ ಎಸ್. ಕೃಷ್ಣಮೂರ್ತಿಯವರ ಶ್ರಮದಿಂದ. ಕೊನೆಯದಾಗಿ ನಮ್ಮ ಹಿರಿಯರು ನಕ್ಕು ಹೇಳಿದ ಮಾತು. ಅರಸರು ಬರೆದರು ಎಂದರೆ ಜನ ಪಕ್ಕದಲ್ಲಿ ಯಾರಿದ್ದರು ಎಂದು ನೋಡುತ್ತಾರೆ. ಆದರೆ ಗುರುಗಳಾದ ವಾಸುದೇವಾಚಾರ್ಯರು ತಮ್ಮದೇ ವಾಸುದೇವ ಅಂಕಿತದಲ್ಲಿ ರಚಿಸಿದವರು, ರಾಮ ಕೃಷ್ಣರನ್ನು ಹಾಡಿದವರು. ಶ್ರೀವಿದ್ಯಾ ಕೃತಿಗಳ ದಾರಿಯೇ ಬೇರೆ, ಮಂತ್ರಶಾಸ್ತ್ರದ ಒಳಗಿನ ಮಾತು ಅವುಗಳಲ್ಲಿ ತುಂಬಿದೆ. ದೀಕ್ಷೆ ಪಡೆದು ಕುಳಿತವರ ಕೈಯಿಂದ ಬಂದದ್ದೆಂದೇ ನಾವು ನಂಬುತ್ತೇವೆ.

ಇನ್ನು ವಿಜಯಪುರದ ಸದಸ್ಯರ ಪ್ರಶ್ನೆ. ನಾವು ಗುಮಾಸ್ತಿಕೆ ಮಾಡಿದವರು, ಯಾರದೇ ಜೀವನವಾಗಲಿ ಸರ್ವೀಸು ಪುಸ್ತಕದಂತೆ ನೋಡುವ ಅಭ್ಯಾಸ. ಮಹಾರಾಜರದನ್ನು ತೆರೆದರೆ ಹುದ್ದೆ ಇಳಿಯುತ್ತಲೇ ಹೋಗಿದೆ. 1940ರಲ್ಲಿ ಮಹಾರಾಜ. 1950ರಲ್ಲಿ ರಾಜಪ್ರಮುಖ. 1956ರ ನವೆಂಬರ್ 1ರಂದು ರಾಜ್ಯಪಾಲ, ಅಂದರೆ ದೆಹಲಿಯ ನೇಮಕಾತಿ ಆದೇಶದ ಮೇಲೆ ಕೆಲಸ ಮಾಡುವವರು. 1964ರಿಂದ 1966ರವರೆಗೆ ಮದರಾಸಿನಲ್ಲಿಯೂ ಅದೇ ಹುದ್ದೆ. 1971ರಲ್ಲಿ ರಾಜಧನವೂ ನಿಂತಿತು. ಇದರಲ್ಲಿ 1956ರ ನಮೂದು ನಮ್ಮದು. ಆ ದಿನ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲವೂ ಹಳೆಯ ಮೈಸೂರಿನೊಂದಿಗೆ ಒಂದು ರಾಜ್ಯವಾದವು. ಆ ಒಂದಾದ ರಾಜ್ಯದ ಮೊದಲ ರಾಜ್ಯಪಾಲರು ಇವರೇ. ಏಕೀಕರಣ ಬೇಡವೆನ್ನುವವರು ಹಳೆಯ ಮೈಸೂರಿನಲ್ಲಿ ಕಡಿಮೆಯಿರಲಿಲ್ಲ. ಹೀಗಿರುವಾಗ ಅಲ್ಲಿನ ಅರಸರೇ ಹೊಸ ರಾಜ್ಯದ ಮೊದಲ ಸೇವಕರಾದದ್ದು ಸಣ್ಣ ಮಾತಲ್ಲ. ಕಾಸರಗೋಡು, ಅಕ್ಕಲಕೋಟೆಗಳಂಥ ಊರುಗಳು ಗಡಿಯಾಚೆ ಉಳಿದ ನೋವು ನಮ್ಮ ಅನೇಕ ಸದಸ್ಯರಿಗೆ ಇಂದಿಗೂ ಇದೆ. ಅದಕ್ಕಾಗಿಯೇ, ಒಳಗೆ ಸೇರಿದ್ದು ಹೇಗೆ ಸೇರಿತು ಎಂಬುದನ್ನು ಮರೆಯಬಾರದು.

ಋಗ್ವೇದವನ್ನು ಕನ್ನಡದಲ್ಲಿ ತಂದ ಜಯಚಾಮರಾಜೇಂದ್ರ ಗ್ರಂಥಮಾಲೆ ಅವರ ಆಶ್ರಯದ್ದು. ದತ್ತಾತ್ರೇಯನ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೋ ಗೌರವ ನೀಡಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ತಮ್ಮ ಮನೆತನದ ಊರಿನ ಹೆಸರು ರಾಜ್ಯದ ಹೆಸರಿನಿಂದ ಇಳಿದದ್ದನ್ನೂ ನೋಡಿ, 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮರೆತುಹೋಗುತ್ತಿದ್ದ ಪರದೇಶದ ರಚನಕಾರರೊಬ್ಬರನ್ನು ಉಳಿಸಲು ಅವರು ಕೈ ಚಾಚಿದರು. ಅವರದೇ ಕೃತಿಗಳಿಗೆ ಕೈ ಕೊಡಬೇಕಾದವರು ನಾವು. ಅದಕ್ಕೆ ಪೌಂಡು ಬೇಡ, ಕಲಿಯುವ ಮಕ್ಕಳು, ಕೂತು ಕೇಳುವ ಹಿರಿಯರು ಸಾಕು.

ಸಮಿತಿಯ ತೀರ್ಮಾನದಂತೆ ಈ ಬಾರಿಯ ರಾಜ್ಯೋತ್ಸವದಲ್ಲಿ ಅಠಾಣದ ಗಣಪತಿ ಕೃತಿಯ ಜೊತೆಗೆ ಗಂಭೀರನಾಟದ ಕೃತಿಯನ್ನೂ ಮಕ್ಕಳು ಹಾಡಲಿದ್ದಾರೆ. ವಿಜಯಪುರದ ಸದಸ್ಯರು ತಬಲಾ ನುಡಿಸುವ ತಮ್ಮ ಮೊಮ್ಮಗನನ್ನು ಮೃದಂಗದವರ ಪಕ್ಕದಲ್ಲಿ ಕೂರಿಸಲು ಒಪ್ಪಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ಈ ಬಾರಿ ರಚನೆಕಾರರ ಹೆಸರು ಸರಿಯಾಗಿ ಬರುತ್ತದೆ, ಕರಡನ್ನು ನಾವೇ ಎರಡು ಸಲ ನೋಡಿದ್ದೇವೆ. ಕಾರವಾರ, ಅಂಕೋಲಾ, ಬೆಳಗಾವಿ, ಸಾವಂತವಾಡಿ ಕಡೆಯ ಸದಸ್ಯರು ಎಷ್ಟು ಜನ ಬರುತ್ತೀರೆಂದು ಮುಂಚಿತವಾಗಿ ತಿಳಿಸಿದರೆ ಊಟದ ವ್ಯವಸ್ಥೆಗೆ ಅನುಕೂಲ. ಈ ಕೃತಿಗಳ ಹಳೆಯ ಮುದ್ರಣ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತನ್ನಿ. ಕೇಳಿ, ಜೋಪಾನವಾಗಿ ಹಿಂತಿರುಗಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಫಾತೋರ್ಡಾ